ರಿವರ್ಸ್ ಸೆನ್ಸರ್ ಇದ್ದೂ ಗಿಡ್ಡ ಕಲ್ಲು ಗೊತ್ತಾಗ್ತಿಲ್ಲ, ರ‍್ಯಾಂಪ್ ಹತ್ತಿರ ಸುಮ್ಮನೆ ಕೂಗುತ್ತೆ

ಕುವೆಂಪುನಗರ ಹ್ಯಾಚ್‌ಬ್ಯಾಕ್:

ನಮಸ್ಕಾರ. ಹ್ಯಾಚ್‌ಬ್ಯಾಕ್ ಕಾರು, ಹೊರಗಡೆ ಹಾಕಿಸಿದ ನಾಲ್ಕು ಸೆನ್ಸರ್ ಕಿಟ್, ಬಜರ್ ಜೊತೆಗೆ ಮೀಟರ್ ಲೆಕ್ಕ ತೋರಿಸೋ ಪುಟ್ಟ ಡಿಸ್‌ಪ್ಲೇ. ಮನೆ ಮೈಸೂರಿನ ಕುವೆಂಪುನಗರದಲ್ಲಿ. ರಸ್ತೆ, ಆಮೇಲೆ ಚರಂಡಿ ಮೇಲಿನ ಚಪ್ಪಡಿ, ಅಲ್ಲಿಂದ ಗೇಟಿನವರೆಗೆ ಗೆರೆ ಎಳೆದ ಸಿಮೆಂಟ್ ರ‍್ಯಾಂಪ್. ನಾಲ್ಕಡಿ ಉದ್ದಕ್ಕೆ ಸುಮಾರು ಒಂದಡಿ ಏರು. ಕಾರನ್ನು ಹಿಂದಕ್ಕೇ ತಗೊಂಡು ಒಳಗೆ ಹಾಕಬೇಕು.

ತೊಂದರೆ ಇಷ್ಟು. ರಸ್ತೆಯಿಂದ ರ‍್ಯಾಂಪ್ ಕಡೆ ಹಿಂದಕ್ಕೆ ಬರುವಾಗ ಏನೂ ಅಡ್ಡ ಇಲ್ಲದಿದ್ದರೂ ಬೀಪ್ ಶುರುವಾಗುತ್ತೆ. ಗೇಟಿನ ಪಕ್ಕ ಹತ್ತು ಇಂಚು ಎತ್ತರದ ಒಂದು ಗುಂಡುಕಲ್ಲಿದೆ; ಅದಕ್ಕೆ 0.9, 0.8, 0.7 ಅಂತ ಸರಿಯಾಗಿ ಇಳಿದು ಅರ್ಧ ಮೀಟರ್ ಹತ್ತಿರ ಬಂದಾಗ ಸದ್ದೇ ನಿಂತುಹೋಗುತ್ತೆ. ಪಕ್ಕದ ಖಾಲಿ ಸೈಟಿನ ತಂತಿ ಜಾಲರಿ ಬೇಲಿಯನ್ನು ಗುರುತಿಸೋದೇ ಇಲ್ಲ. ಮಳೆ ಬಂದ ಮೇಲೆ ಮೊದಲ ಕೆಲವು ನಿಮಿಷ ಸುಮ್ಮಸುಮ್ಮನೆ ಕೂಗುತ್ತೆ. ಕಿಟ್ ಕೆಟ್ಟಿದೆಯೋ, ಹಾಕಿದ್ದು ತಪ್ಪೋ, ಅಥವಾ ಈ ಸೆನ್ಸರ್‌ಗಳೇ ಇಷ್ಟೋ? ಇದಕ್ಕಿಂತ ಒಳ್ಳೇ ಕಿಟ್ ಹಾಕಿಸಿದರೆ ಸರಿಹೋಗುತ್ತಾ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಅದಕ್ಕೇ ಖಚಿತವಾಗಿ ತಿಳ್ಕೋಬೇಕು.

ಹೆಬ್ಬಾಳ ವೈರಿಂಗ್:

ಕಿಟ್ ಬದಲಾಯಿಸೋ ಯೋಚನೆ ಸದ್ಯಕ್ಕೆ ಬಿಡಿ. ಕಲ್ಲು ಮತ್ತು ಜಾಲರಿ ಈ ಸೆನ್ಸರಿನ ಹುಟ್ಟುಗುಣ, ಎಷ್ಟು ದುಡ್ಡು ಕೊಟ್ಟರೂ ಹೋಗಲ್ಲ. ರ‍್ಯಾಂಪ್ ಮತ್ತು ಮಳೆಯದ್ದು ಅರ್ಧ ಗುಣ, ಅರ್ಧ ಫಿಟ್ಟಿಂಗ್ ತಪ್ಪು ಇರಬಹುದು.

ಇದು ನೋಡೋ ಸಾಧನ ಅಲ್ಲ, ಮಾರ್ದನಿ ಕೇಳಿಸ್ಕೊಳ್ಳೋ ಸಾಧನ. 40 ಕಿಲೋಹರ್ಟ್ಸ್ ಆಸುಪಾಸಿನ, ನಮ್ಮ ಕಿವಿಗೆ ಬೀಳದ ಸದ್ದನ್ನು ತುಣುಕು ತುಣುಕಾಗಿ ಬಿಡುತ್ತೆ. ಅದು ಎಲ್ಲಾದರೂ ತಗುಲಿ ವಾಪಸ್ ಬರೋಕೆ ಎಷ್ಟು ಹೊತ್ತಾಯ್ತು ಅಂತ ಅಳೆಯುತ್ತೆ. 20 ಡಿಗ್ರಿಯಲ್ಲಿ ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್. ಒಂದು ಮೀಟರ್ ದೂರದ ಗೋಡೆ ಅಂದ್ರೆ ಹೋಗಿ ಬರೋದು ಸೇರಿ 2 ಮೀಟರ್, ಅಂದರೆ 5.8 ಮಿಲಿಸೆಕೆಂಡ್. ಬೇಸಿಗೆಯ 35 ಡಿಗ್ರಿಯಲ್ಲಿ ಸದ್ದು ಸ್ವಲ್ಪ ಬೇಗ ಓಡುತ್ತೆ, ಒಂದು ಮೀಟರಿಗೆ ಎರಡೂವರೆ ಸೆಂಟಿಮೀಟರ್ ವ್ಯತ್ಯಾಸ ಬರಬಹುದು. ಅದನ್ನ ಲೆಕ್ಕಕ್ಕೆ ತಗೋಬೇಡಿ. ಲೆಕ್ಕಕ್ಕೆ ತಗೋಬೇಕಾದ್ದು ಮಾರ್ದನಿ ವಾಪಸ್ ಬಂತೋ ಇಲ್ಲವೋ ಅನ್ನೋದು. ಬರದಿದ್ದರೆ ಕಿಟ್ಟಿನ ಪಾಲಿಗೆ ಹಿಂದೆ ಏನೂ ಇಲ್ಲ.

ಕಲ್ಲಿನ ಲೆಕ್ಕ ನೋಡಿ. ಸಾಮಾನ್ಯ ಕಿಟ್‌ನಲ್ಲಿ ಸದ್ದು ಅಡ್ಡಡ್ಡ ಅಗಲವಾಗಿ, ಮೇಲೆ ಕೆಳಗೆ ಕಿರಿದಾಗಿ ಹರಡುತ್ತೆ. ಮೇಲಕ್ಕೆ 30 ಡಿಗ್ರಿ, ಕೆಳಕ್ಕೆ 30 ಡಿಗ್ರಿ ಅಂತಿಟ್ಕೊಳ್ಳಿ. ಸೆನ್ಸರ್ ನೆಲದಿಂದ 55 ಸೆಂ.ಮೀ. ಮೇಲಿದ್ದರೆ, ಒಂದು ಮೀಟರ್ ಹಿಂದೆ ಆ ಸದ್ದಿನ ಕೆಳಅಂಚು ನೆಲ ಮುಟ್ಟಿರುತ್ತೆ; ಅರ್ಧ ಮೀಟರ್ ಹಿಂದೆ ಕೆಳಅಂಚು ನೆಲದಿಂದ 26 ಸೆಂ.ಮೀ. ಮೇಲಿರುತ್ತೆ. ನಿಮ್ಮ ಹತ್ತು ಇಂಚಿನ ಕಲ್ಲು ಅಂದ್ರೆ 25 ಸೆಂ.ಮೀ. ದೂರದಲ್ಲಿ ಸದ್ದಿಗೆ ಸಿಕ್ಕ ಕಲ್ಲು ಹತ್ತಿರ ಬಂದಾಗ ಅದರ ಕೆಳಗೆ ನುಸುಳಿಬಿಡುತ್ತೆ. ಡಿಸ್‌ಪ್ಲೇ 0.5ರ ಹತ್ತಿರ ಸುಮ್ಮನಾಗೋದು ಸರಿಯಾಗಿ ಇದಕ್ಕೇ. ಹಾಗಾಗಿ ಒಂದು ನಿಯಮ ಇಟ್ಕೊಳ್ಳಿ: ಕೂಗ್ತಾ ಇದ್ದದ್ದು ನೀವು ಇನ್ನೂ ಹಿಂದಕ್ಕೆ ಹೋಗ್ತಿರುವಾಗಲೇ ನಿಂತರೆ, ಬ್ರೇಕ್ ಹಾಕಿ ಇಳಿದು ನೋಡಿ. ಅಡ್ಡ ಇದ್ದದ್ದು ಎಲ್ಲೂ ಹೋಗಿರಲ್ಲ.

ತೀರಾ ಹತ್ತಿರದಲ್ಲಿ ಇನ್ನೊಂದು ಕುರುಡು ಜಾಗ ಇದೆ. ಸದ್ದು ಬಿಡೋದೂ ಕೇಳಿಸ್ಕೊಳ್ಳೋದೂ ಒಂದೇ ತಗಡು. ದೇವಸ್ಥಾನದ ಗಂಟೆ ಹೊಡೆದ ಮೇಲೂ ಗುಂಯ್ ಅಂತಿರುತ್ತಲ್ಲ, ಹಾಗೆ ಸದ್ದು ಬಿಟ್ಟ ಮೇಲೂ ಆ ತಗಡು ಸ್ವಲ್ಪ ಹೊತ್ತು ಅದುರ್ತಾ ಇರುತ್ತೆ. ಅದುರೋದು ಒಂದೂವರೆ ಮಿಲಿಸೆಕೆಂಡ್ ಇದ್ದರೆ ಸುಮಾರು 25 ಸೆಂ.ಮೀ. ಒಳಗಿನ ಮಾರ್ದನಿ ಅದರಲ್ಲೇ ಮುಳುಗಿಹೋಗುತ್ತೆ. ಅದಕ್ಕೇ ಬಹಳಷ್ಟು ಕಿಟ್‌ಗಳು 0.3ಕ್ಕೇ ಬಿಡದೆ ಕೂಗಲು ಶುರುಮಾಡ್ತವೆ. ಅದಾದ ಮೇಲಿನ ಅಂಕಿ ನಂಬಬೇಡಿ. ಗೋಡೆಗೆ ತೀರಾ ಹತ್ತಿರವಾದಾಗ ಸದ್ದು ಗೋಡೆಗೂ ಬಂಪರ್‌ಗೂ ಮಧ್ಯೆ ಎರಡು ಸಲ ಓಡಾಡಿ ಬಂದು, 20 ಸೆಂ.ಮೀ. ಇರೋದನ್ನ 0.4 ಅಂತ ತೋರಿಸೋದೂ ಉಂಟು.

ಜಾಲರಿ: 40 ಕಿಲೋಹರ್ಟ್ಸ್ ಸದ್ದಿನ ಅಲೆ ಉದ್ದ 8.6 ಮಿ.ಮೀ. ಮೂರು ಮಿ.ಮೀ. ದಪ್ಪದ ತಂತಿಯಿಂದ ವಾಪಸ್ ಬರೋದು ಬಹಳ ಕಡಿಮೆ, ಬಹುಪಾಲು ಕಣ್ಣುಗಳ ಮೂಲಕ ಆಚೆ ಹೋಗುತ್ತೆ. ಬೇಲಿ ಆಚೆ ಗೋಡೆ ಇದ್ದರೆ ಆ ಗೋಡೆಯ ದೂರ ತೋರಿಸಿಬಿಡುತ್ತೆ, ಅದು ಇನ್ನೂ ಅಪಾಯ.

ರ‍್ಯಾಂಪ್: ಮಟ್ಟಸ ರಸ್ತೆಗೆ ಬಿದ್ದ ಸದ್ದು ಜಾರಿ ಮುಂದಕ್ಕೇ ಹೋಗುತ್ತೆ, ನಿಮ್ಮ ಕಡೆ ಬರಲ್ಲ. ನಿಮ್ಮ ರ‍್ಯಾಂಪ್ ನಾಲ್ಕಕ್ಕೆ ಒಂದು, ಅಂದರೆ 14 ಡಿಗ್ರಿ, ಸೆನ್ಸರಿಗೆ ಎದೆಯೊಡ್ಡಿ ನಿಂತಿದೆ. ಮೇಲಾಗಿ ಟೈರು ಜಾರದಿರಲಿ ಅಂತ ಎಳೆದ ಗೆರೆಗಳು. ಒಂದೊಂದು ಗೆರೆಯ ಅಂಚೂ ಒಂದು ಪುಟ್ಟ ಗೋಡೆ. ಒಂದಷ್ಟು ಕೂಗು ಇದ್ದೇ ಇರುತ್ತೆ. ಆದರೆ ಎಷ್ಟು ದೂರದಿಂದ ಕೂಗುತ್ತೆ ಅನ್ನೋದು ಫಿಟ್ಟಿಂಗ್ ಮೇಲೆ ನಿಂತಿದೆ. ಅದನ್ನ ಬಾಡಿ ಕೆಲಸದವರು ಹೇಳಲಿ.

ಬಂಪರ್ ಬೆಂಚ್, ಮಂಡ್ಯ:

ಮೇಲಿನವರು ಹೇಳಿದ್ದು ಸರಿ. ಫಿಟ್ಟಿಂಗ್ ನಾನು ಹೇಳ್ತೀನಿ, ಟೇಪು ತಗೊಂಡು ನೀವೇ ನೋಡ್ಕೊಳ್ಳಬಹುದು.

ಮೊದಲು ಎತ್ತರ. ಖಾಲಿ ಕಾರು, ಮಟ್ಟಸ ನೆಲ, ನಾಲ್ಕೂ ಟೈರಿಗೆ ಸರಿಯಾದ ಗಾಳಿ. ನೆಲದಿಂದ ಸೆನ್ಸರ್ ನಡುವಿಗೆ 50ರಿಂದ 65 ಸೆಂ.ಮೀ. ಇರಬೇಕು. ಅದಕ್ಕಿಂತ ಕೆಳಗಿದ್ದರೆ ನೆಲವೇ ಅಡ್ಡ ಅಂತ ಕೂಗುತ್ತೆ, ಮೇಲಿದ್ದರೆ ಗಿಡ್ಡ ವಸ್ತು ಇನ್ನೂ ಬೇಗ ತಪ್ಪಿಹೋಗುತ್ತೆ. ಹೊರಗಿನ ಎರಡು ಸೆನ್ಸರ್ ಬಂಪರ್ ಮೂಲೆಯಿಂದ 10ರಿಂದ 15 ಸೆಂ.ಮೀ. ಒಳಗೆ, ಉಳಿದ ಎರಡು ಅವುಗಳ ನಡುವಿನ ಜಾಗ ಮೂರು ಸಮಪಾಲಾಗೋ ಹಾಗೆ. ನಂಬರ್ ಪ್ಲೇಟ್ ಅಡ್ಡ ಬರುತ್ತೆ ಅಂತ ನಡುವಿನ ಎರಡನ್ನ ಆಚೆಗೆ ತಳ್ಳಿರ್ತಾರೆ. ಆಗ ಮಧ್ಯದಲ್ಲಿ ತೆಳು ಕಂಬ ನುಗ್ಗುವಷ್ಟು ಸಂದು ಆಗುತ್ತೆ.

ಎರಡನೇದು, ನಿಮ್ಮ ಕಾರಲ್ಲಿ ನನಗೆ ಅನುಮಾನ ಇರೋದು ಇದರ ಮೇಲೇ: ಸೆನ್ಸರ್ ಹಿಂಬದಿಯಲ್ಲಿ ‘ಅಪ್’ ಅನ್ನೋ ಅಕ್ಷರ ಅಥವಾ ಬಾಣದ ಗುರುತು ಇರುತ್ತೆ. ಅದು ಆಕಾಶಕ್ಕೇ ಇರಬೇಕು. ಸೆನ್ಸರ್ ಗುಂಡಗಿರೋದರಿಂದ ಹೆಂಗೆ ತಿರುಗಿಸಿ ಒತ್ತಿದರೂ ಕೂರುತ್ತೆ. ಬಾಣ ಪಕ್ಕಕ್ಕೆ ತಿರುಗಿದ್ದರೆ ಅಡ್ಡ ಹರಡಬೇಕಾದ ಅಗಲ ಸದ್ದು ಮೇಲೆ ಕೆಳಗೆ ಹರಡುತ್ತೆ, ಕೆಳಕ್ಕೆ ನೆಟ್ಟಗೆ ನೆಲಕ್ಕೆ ಬಡಿಯುತ್ತೆ. ರ‍್ಯಾಂಪ್ ಕಂಡ ತಕ್ಷಣ ಕೂಗೋದಕ್ಕೆ ನಾವು ನೋಡೋ ಮೊದಲ ಕಾರಣ ಇದು.

ಮೂರನೇದು ಓರೆ. ಬಂಪರ್ ಮುಖ ಕೆಳಕ್ಕೆ ಬಾಗಿರೋ ಕಡೆ ತೂತು ಹಾಕಿದ್ದರೆ ಸೆನ್ಸರ್ ನೆಲ ನೋಡ್ತಿರುತ್ತೆ. ಸೆನ್ಸರ್ ಮುಖಕ್ಕೆ ಪುಟ್ಟ ರಸಮಟ್ಟ ನಿಲ್ಲಿಸಿ ಹಿಡಿದು ನೋಡಿ: ನೆಟ್ಟಗೆ ಇರಬೇಕು, ಇಲ್ಲ ಐದು ಡಿಗ್ರಿಯಷ್ಟು ಮೇಲೆ ನೋಡಬೇಕು. ಕೆಳಗೆ ನೋಡೋದು ಬೇಡವೇ ಬೇಡ. ಹಿಂದೆ ಮೂರು ಜನ ಕೂತು ಡಿಕ್ಕೀಲಿ ಎರಡು ಅಕ್ಕಿ ಮೂಟೆ ಇಟ್ಟರೆ ಕಾರಿನ ಹಿಂಬದಿ ತಗ್ಗುತ್ತೆ, ಸೆನ್ಸರ್ ಮುಖವೂ ಅಷ್ಟಷ್ಟು ಕೆಳಕ್ಕೆ ವಾಲುತ್ತೆ. ಖಾಲಿ ಇದ್ದಾಗ ಸುಮ್ಮನಿದ್ದು ತುಂಬಿದಾಗ ಮಾತ್ರ ಕೂಗಿದರೆ ಇದೇ ಕಾರಣ.

ತೂತು ಸೆನ್ಸರ್ ಅಳತೆಗೆ ಸರಿಯಾಗಿರಬೇಕು. 22 ಮಿ.ಮೀ. ಸೆನ್ಸರಿಗೆ 22ರ ಹೋಲ್ ಸಾ (ಗುಂಡಗೆ ತೂತು ಕೊರೆಯೋ ಬಿಟ್), ಕಿಟ್ ಜೊತೆಗೇ ಬಂದಿರುತ್ತೆ. ಅಂಚಿನ ಚೂರು ಕೆರೆಯದೆ ಬಲವಂತವಾಗಿ ತುರುಕಿದರೆ ಬಂಪರ್ ಸೆನ್ಸರನ್ನ ಹಿಸುಕುತ್ತೆ, ಬಂಪರ್ ಅದುರಿದ್ದೇ ಮಾರ್ದನಿ ಅಂತ ಓದ್ಕೊಳ್ಳುತ್ತೆ. ತೂತು ದೊಡ್ಡದಾಗಿ ಫೆವಿಕ್ವಿಕ್ ಹಾಕಿ ನಿಲ್ಲಿಸಿದ್ದರೂ ಅದೇ ಗತಿ. ತಗಡಿನ ಬಂಪರ್ ಆದರೆ ರಬ್ಬರ್ ತೋಳು ಇಲ್ಲದೆ ಹಾಕಲೇಬಾರದು.

ಪೇಂಟ್ ಬಗ್ಗೆ ಒಂದು ಮಾತು. ಬಂಪರ್ ಮತ್ತೆ ಪೇಂಟ್ ಮಾಡಿಸುವಾಗ ಸೆನ್ಸರ್ ಬಿಚ್ಚಿ ಬೇರೆ ಇಡಿಸಿ. ಬಣ್ಣ ಹೊಂದಲೇಬೇಕು ಅಂದ್ರೆ ಸೆನ್ಸರ್ ಮುಖಕ್ಕೆ ತೆಳ್ಳಗೆ ಮಾತ್ರ ಹೊಡೆಸಿ. ಪುಟ್ಟಿ, ಪ್ರೈಮರ್, ಬಣ್ಣ, ಲ್ಯಾಕರ್ ಅಂತ ಪದರದ ಮೇಲೆ ಪದರ ಕೂತರೆ ತಗಡು ಅದುರೋದೇ ಕಷ್ಟ, ಎಟುಕೋ ದೂರ ಕುಗ್ಗುತ್ತೆ. ಸ್ಟಿಕ್ಕರ್ ಅಂತೂ ಅಂಟಿಸಲೇಬೇಡಿ. ಹಿಂದೆ ಕಬ್ಬಿಣದ ಗಾರ್ಡ್ ಹಾಕಿಸಿದ್ದರೆ ಅದು ಯಾವಾಗಲೂ ಸೆನ್ಸರ್ ಎದುರಲ್ಲೇ ಇರುತ್ತೆ. ಒಂದೋ ಕೂಗು ನಿಲ್ಲಲ್ಲ, ಇಲ್ಲ ಆ ಗಾರ್ಡ್ ಕುರುಡು ಜಾಗದೊಳಗೆ ಸೇರಿಕೊಂಡು ಅದರ ಹಿಂದಿನದ್ದನ್ನ ಮರೆಮಾಡುತ್ತೆ. ಬಿಚ್ಚಿಸಿ.

ಮಳೆ: ಸೆನ್ಸರ್ ಮುಖದ ಮೇಲೆ ನಿಂತ ಹನಿ, ಮುಖದ ಸುತ್ತಿನ ಸಂದಿನಲ್ಲಿ ಕೂತ ಕೆಸರು, ಎರಡೂ ತಗಡನ್ನ ಹಿಡ್ಕೊಂಡುಬಿಡ್ತವೆ. ಮೆತ್ತನೆ ಬಟ್ಟೇಲಿ ಒರೆಸಿದರೆ ತಕ್ಷಣ ಸರಿಹೋಗುತ್ತೆ. ಒರೆಸಿದ ಮೇಲೂ ಹತ್ತು ನಿಮಿಷ ಕೂಗಿದರೆ ನೀರು ಕಪ್ಲರ್ (ವೈರು ಸೇರಿಸೋ ಪ್ಲಗ್) ಒಳಗೆ ಹೋಗಿದೆ. ಬಂಪರ್ ಒಳಗಿನ ವೈರು ಕಪ್ಲರಿಗೆ ಮೇಲಿಂದ ಇಳಿಯೋ ಹಾಗೆ ಬಿಡಬೇಡಿ. ವೈರನ್ನ ಕಪ್ಲರಿಗಿಂತ ಕೆಳಕ್ಕೆ ಒಂದು ಬಳಕು ಕೊಟ್ಟು ಮೇಲಕ್ಕೆ ತಂದು ಸೇರಿಸಿ, ನೀರು ಬಳಕಿನಲ್ಲೇ ತೊಟ್ಟಿಕ್ಕಲಿ. ವಾಷಿಂಗ್‌ನಲ್ಲಿ ಪ್ರೆಷರ್ ಗನ್ ಸೆನ್ಸರಿಗೆ ನೇರ ಹಿಡಿಯಬೇಡಿ ಅಂತ ಹೇಳಿ.

ಯಾವ ಸೆನ್ಸರ್ ಸತ್ತಿದೆ ಅಂತ ತಿಳಿಯೋಕೆ: ಎಂಜಿನ್ ಆಫ್, ಇಗ್ನಿಷನ್ ಆನ್, ಹ್ಯಾಂಡ್‌ಬ್ರೇಕ್ ಎಳೆದು ರಿವರ್ಸ್ ಗೇರ್. ಹಿಂದೆ ಹೋಗಿ ಒಂದೊಂದಕ್ಕೂ ಕಿವಿ ಹತ್ತಿರ ಇಡಿ, ಬೆರಳು ಮುಟ್ಟಿಸಿ. ಜೀವ ಇರೋದು ಟಿಕ್ ಟಿಕ್ ಟಿಕ್ ಅಂತ ಸಣ್ಣಗೆ ಮಿಡಿಯುತ್ತೆ. ಒಂದು ಸುಮ್ಮನಿದ್ದರೆ ಡಿಕ್ಕಿ ಒಳಗಿರೋ ಕಿಟ್ಟಿನ ಕಂಟ್ರೋಲ್ ಡಬ್ಬಿಯಲ್ಲಿ ಎ, ಬಿ, ಸಿ, ಡಿ ಅಂತ ಗುರುತಿರೋ ಪ್ಲಗ್‌ಗಳಲ್ಲಿ ಅದನ್ನ ಪಕ್ಕದ್ದರ ಜೊತೆ ಅದಲು ಬದಲು ಮಾಡಿ. ಬದಲಾಯಿಸಿದ ಮೇಲೂ ಅದೇ ಸೆನ್ಸರ್ ಸುಮ್ಮನಿದ್ದರೆ ಸೆನ್ಸರ್ ಅಥವಾ ಅದರ ವೈರು ಕೆಟ್ಟಿದೆ, ಅದಕ್ಕೆ ಜೀವ ಬಂದು ಪಕ್ಕದ್ದು ಸುಮ್ಮನಾದರೆ ಡಬ್ಬಿ ಕೆಟ್ಟಿದೆ. ನಾಲ್ಕೂ ಒಟ್ಟಿಗೆ ಒಮ್ಮೆ ಬಂದು ಒಮ್ಮೆ ಹೋದರೆ ಅರ್ಥಿಂಗ್ ನೋಡಿ, ಬೋಲ್ಟ್ ಕೆಳಗಿನ ಪೇಂಟ್ ಕೆರೆದು ಬಿಗಿ ಮಾಡಿ. ಆಮೇಲೆ ರಿವರ್ಸ್ ಲೈಟಿನ ವೈರಲ್ಲಿ ಮಲ್ಟಿಮೀಟರ್ 12 ವೋಲ್ಟ್ ಅಲ್ಲಾಡದೆ ತೋರಿಸ್ತಿದೆಯಾ ನೋಡಿ.

ನಾಲೆ ಏರಿ, ಪಾಂಡವಪುರ:

ಫಿಟ್ಟಿಂಗ್ ನೂರಕ್ಕೆ ನೂರು ಸರಿ ಮಾಡಿದ ಮೇಲೂ ಇದಕ್ಕೆ ಗೊತ್ತಾಗದೇ ಇರೋದು ಏನೇನು ಅಂತ ನಮ್ಮ ಕಡೆ ಊರುಗಳಲ್ಲಿ ಓಡಿಸೋರು ತಿಳ್ಕೊಂಡಿರಬೇಕು.

ಮೊದಲನೇದು ಹಳ್ಳ. ಅಡ್ಡ ಇರೋದಕ್ಕೆ ಮಾರ್ದನಿ ಉಂಟು, ಇಲ್ಲದ ನೆಲಕ್ಕೆ ಇಲ್ಲ. ಚಪ್ಪಡಿ ತೆಗೆದ ಚರಂಡಿ, ಪೈಪ್ ಹಾಕೋಕೆ ತೋಡಿದ ಗುಂಡಿ, ಗದ್ದೆ ಬದು, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ತಡೆಗೋಡೆ ಇಲ್ಲದ ಕಡೆ, ಎಲ್ಲಾ ಕಡೆಯೂ ಸೆನ್ಸರ್ ಬಾಯಿ ಬಿಡಲ್ಲ. ಏರಿ ರಸ್ತೇಲಿ ಕಾರು ತಿರುಗಿಸಬೇಕಾದರೆ ಮುಖ ನಾಲೆ ಕಡೆ, ಬೆನ್ನು ಗದ್ದೆ ಕಡೆ ಅಂತ ಕೆಲವರು, ತಿರುಗುಮುರುಗು ಅಂತ ಕೆಲವರು ಹೇಳ್ತಾರೆ. ನನ್ನ ಮಾತು ಕೇಳಿದರೆ ಎರಡೂ ಬೇಡ. ಮುಂದಿನ ಸೇತುವೆವರೆಗೂ ಹೋಗಿ ಅಗಲ ಇರೋ ಕಡೆ ತಿರುಗಿಸಿ.

ಎರಡನೇದು ಮೆತ್ತನೆ ಪದಾರ್ಥ. ಹುಲ್ಲಿನ ಮೆದೆ, ಹತ್ತಿ ಗಂಟು, ಒಣಗೋಕೆ ಹಾಕಿದ ರಗ್ಗು, ದಪ್ಪ ಸ್ವೆಟರ್ ಹಾಕ್ಕೊಂಡ ಮನುಷ್ಯ, ತುಪ್ಪಳದ ನಾಯಿ: ಸದ್ದನ್ನ ಹೀರಿಬಿಡ್ತವೆ, ವಾಪಸ್ ಕೊಡೋದು ಚೂರುಪಾರು. ಗೋಡೆ ಒಂದೂವರೆ ಮೀಟರಿಗೆ ಕೂಗಿದರೆ ಇವು ಅದರ ಅರ್ಧ ದೂರಕ್ಕೆ ಕೂಗಬಹುದು, ಕೂಗದೆಯೂ ಇರಬಹುದು. ಕೂತು ಆಡೋ ಮಗು ಅಂದ್ರೆ ಗಿಡ್ಡ, ಮೆತ್ತಗೆ, ಎರಡೂ ಸೇರಿದ ಹಾಗೆ.

ಮೂರನೇದು ಮೇಲೆ ಚಾಚಿಕೊಂಡಿರೋದು. ಇದನ್ನ ಯಾರೂ ಯೋಚನೆ ಮಾಡಲ್ಲ. ಕೆಳಗಿನ ಲೆಕ್ಕಾನೇ ಮೇಲಕ್ಕೂ ಹಾಕಿ. ಸೆನ್ಸರ್ 55 ಸೆಂ.ಮೀ.ನಲ್ಲಿ, ಟ್ರ್ಯಾಕ್ಟರ್ ಟ್ರೈಲರ್ ತಟ್ಟೆ ಒಂದು ಮೀಟರ್ ಎತ್ತರದಲ್ಲಿ ಇದ್ದರೆ, 80 ಸೆಂ.ಮೀ.ಗಿಂತ ಹತ್ತಿರ ಬಂದಾಗ ತಟ್ಟೆ ಸದ್ದಿನ ಮೇಲಕ್ಕೆ ಹೋಗಿಬಿಡುತ್ತೆ. ಬಂಪರ್ ತಟ್ಟೆ ಕೆಳಗೆ ಹೋಗುತ್ತೆ, ಹಿಂದಿನ ಗಾಜು ತಟ್ಟೆಗೆ ಹೊಡೆಯುತ್ತೆ. ಫ್ಯಾಕ್ಟರಿ ಮುಂದೆ ಸಾಲು ನಿಂತ ಕಬ್ಬಿನ ಗಾಡಿಗಳ ಹತ್ತಿರ ಇನ್ನೂ ಕಷ್ಟ, ಜಲ್ಲೆ ತುದಿಗಳು ಗಾಡಿಯಿಂದ ಆಚೆಗೆ ಚಾಚಿರ್ತವೆ, ತೆಳ್ಳಗೆ ಬೇರೆ. ಲಾರಿಯಿಂದ ಹೊರಗೆ ನೇತಾಡೋ ಕಂಬಿಯೂ ಹಾಗೇ.

ವೇಗದ ಲೆಕ್ಕವನ್ನೂ ಹೇಳಿಬಿಡ್ತೀನಿ. ಗಂಟೆಗೆ 5 ಕಿ.ಮೀ. ಅಂದ್ರೆ ಸೆಕೆಂಡಿಗೆ 1.4 ಮೀಟರ್. ಕಿಟ್ ಒಂದೂವರೆ ಮೀಟರಿಗೆ ಎಚ್ಚರ ಕೊಟ್ಟರೆ ನಿಮ್ಮ ಕೈಲಿರೋದು ಒಂದು ಸೆಕೆಂಡಿಗಿಂತ ಚೂರು ಜಾಸ್ತಿ. ಕಿವಿಗೆ ಬಿದ್ದು, ಕಾಲು ಬ್ರೇಕಿಗೆ ಹೋಗಿ, ಕಾರು ನಿಲ್ಲೋದು ಅಷ್ಟರೊಳಗೇ ಆಗಬೇಕು. 3 ಕಿ.ಮೀ.ಗೆ ಇಳಿಸಿದರೆ 1.8 ಸೆಕೆಂಡ್ ಸಿಗುತ್ತೆ. ಆಕ್ಸಿಲರೇಟರ್ ಮುಟ್ಟದೆ ಕ್ಲಚ್ಚಿನಲ್ಲೇ ಬನ್ನಿ, ಸಾಕು.

ಲಾರಿ, ಬಸ್ಸುಗಳ ಏರ್ ಬ್ರೇಕ್ ಉಸ್ ಅಂದಾಗಲೂ ಸುಮ್ಮನೆ ಬೀಪ್ ಬರುತ್ತೆ, ಪಕ್ಕದ ಕಾರಿನ ಸೆನ್ಸರಿನಿಂದಲೂ ಬರಬಹುದು. ಬಸ್ ಸ್ಟ್ಯಾಂಡ್ ಹತ್ತಿರ ಹಾಗಾದರೆ ಕಿಟ್ ಬಿಚ್ಚೋಕೆ ಹೋಗಬೇಡಿ.

ಕುವೆಂಪುನಗರ ಹ್ಯಾಚ್‌ಬ್ಯಾಕ್:

ತುಂಬಾ ಉಪಕಾರ ಆಯ್ತು. ಎರಡು ಪ್ರಶ್ನೆ. ಯಾವ ಜಾಗ ಕುರುಡು ಅಂತ ನನ್ನ ಕಾರಿಗೇ ಅಳೆದು ಇಟ್ಕೊಳ್ಳೋಕೆ ಆಗುತ್ತಾ? ಮತ್ತೆ ಕ್ಯಾಮೆರಾ ಹಾಕಿಸಿದರೆ ಸೆನ್ಸರ್ ಬೇಕಾ?

ಹೆಬ್ಬಾಳ ವೈರಿಂಗ್:

ಅಳೆಯಬಹುದು, ಒಂದು ಭಾನುವಾರ ಬೆಳಗ್ಗೆ ಸಾಕು. ಬೇಕಾಗೋದು 75 ಮಿ.ಮೀ. ಪಿವಿಸಿ ಪೈಪು ಒಂದು ಮೀಟರ್, ಸೀಮೆಸುಣ್ಣ, ಟೇಪು, ಇನ್ನೊಬ್ಬರು. ಐಎಸ್‌ಒ 17386 ಅನ್ನೋ ಪರೀಕ್ಷಾ ನಿಯಮದಲ್ಲೂ ಇದೇ ಅಳತೆಯ ಕೊಳವೆ ನಿಲ್ಲಿಸಿಯೇ ನೋಡೋದು. ಮಟ್ಟಸ ಜಾಗದಲ್ಲಿ ಕಾರು ನಿಲ್ಲಿಸಿ, ಟೈರಿಗೆ ಮುಂದೆ ಹಿಂದೆ ಅಡ್ಡ ಕೊಟ್ಟು, ಎಂಜಿನ್ ಆಫ್ ಮಾಡಿ ಇಗ್ನಿಷನ್ ಆನ್, ರಿವರ್ಸ್ ಗೇರ್. ಬಂಪರ್ ಹಿಂದೆ ಎರಡು ಮೀಟರ್ ತನಕ 25 ಸೆಂ.ಮೀ.ಗೆ ಒಂದರಂತೆ ಚೌಕ ಬರೆಯಿರಿ, ಅಗಲಕ್ಕೆ ಕಾರಿನ ಎರಡೂ ಪಕ್ಕ ಅರ್ಧ ಮೀಟರ್ ಜಾಸ್ತಿ. ಒಂದೊಂದು ಚೌಕದಲ್ಲೂ ಪೈಪ್ ನಿಲ್ಲಿಸಿ. ನಿಲ್ಲಿಸಿದವರು ಪಕ್ಕಕ್ಕೆ ಸರಿಯಬೇಕು, ಇಲ್ಲದಿದ್ದರೆ ಅವರದ್ದೇ ಮಾರ್ದನಿ ಬರುತ್ತೆ. ಕೂಗಿದ ಚೌಕಕ್ಕೆ ಗುರುತು ಹಾಕಿ. ಆಮೇಲೆ ಅದೇ ಪೈಪನ್ನ ಮಲಗಿಸಿ, ಹತ್ತಿಂಚಿನ ಇಟ್ಟಿಗೆ ಜೋಡಿಸಿ, ಒಂದು ರಗ್ಗು ಸುತ್ತಿ ಮತ್ತೆ ಮಾಡಿ. ಮೂಲೆಗಳು ಹೇಗೆ ಖಾಲಿ ಇರ್ತವೆ ಅಂತ ಕಣ್ಣಾರೆ ಕಾಣುತ್ತೆ. ಫೋಟೋ ತೆಗೆದು ಮನೆಯಲ್ಲಿ ಕಾರು ಓಡಿಸೋರಿಗೆಲ್ಲ ತೋರಿಸಿ. ಎರಡೇ ಸೆನ್ಸರ್ ಬಂದಿರೋ ಕಾರುಗಳಲ್ಲಿ ಈ ಮೂಲೆ ಇನ್ನೂ ದೊಡ್ಡದು. ನಮ್ಮಲ್ಲಿ 2019ರ ಜುಲೈ 1ರಿಂದ ತಯಾರಾಗೋ ಕಾರುಗಳಿಗೆ ರಿವರ್ಸ್ ಎಚ್ಚರಿಕೆ ಕಡ್ಡಾಯ ಆಯ್ತು, ಆದರೆ ಎಚ್ಚರಿಕೆ ಇದೆ ಅಂದ ಮಾತ್ರಕ್ಕೆ ಹಿಂದಿನ ಅಷ್ಟೂ ಜಾಗ ಅದಕ್ಕೆ ಎಟುಕಲ್ಲ.

ಕ್ಯಾಮೆರಾ ಹಾಕಿಸಿ, ಸೆನ್ಸರ್ ತೆಗೆಯಬೇಡಿ. ಗಿಡ್ಡ ಕಲ್ಲು, ಜಾಲರಿ, ಹಳ್ಳ, ಕೂತ ಮಗು, ಇವೆಲ್ಲ ಕ್ಯಾಮೆರಾಕ್ಕೆ ಕಾಣ್ತವೆ. ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಹೊಸ ಕಾರುಗಳಿಗೆ ಹಿಂದಿನ ದೃಶ್ಯ ಪರದೆಯಲ್ಲಿ ತೋರಿಸೋದನ್ನೇ ಕಡ್ಡಾಯ ಮಾಡಿದ್ದಾರೆ. ಆದರೆ ಕ್ಯಾಮೆರಾ ಲೆನ್ಸ್ ಅಗಲ, ಹತ್ತಿರದ್ದು ದೂರ ಅನ್ನಿಸುತ್ತೆ. ಪರದೆಯ ಹಸಿರು, ಹಳದಿ, ಕೆಂಪು ಗೆರೆ ಮಟ್ಟಸ ನೆಲಕ್ಕೆ ಮಾತ್ರ ಸರಿ. ನಿಮ್ಮ ರ‍್ಯಾಂಪ್ ಏರೋವಾಗ ಅಥವಾ ಚಾಮುಂಡಿ ಬೆಟ್ಟದ ಇಳಿಜಾರಲ್ಲಿ ಆ ಗೆರೆ ದಾರಿ ತಪ್ಪಿಸುತ್ತೆ: ಹಿಂದೆ ಏರು ಇದ್ದರೆ ವಸ್ತು ನಿಜಕ್ಕಿಂತ ದೂರ ಕಾಣುತ್ತೆ, ಇಳಿಜಾರಿದ್ದರೆ ಹತ್ತಿರ. ರಾತ್ರಿ ಮಳೆಯಲ್ಲಿ ಲೆನ್ಸ್ ಮೇಲೆ ಹನಿ ಕೂತರೆ ಏನೂ ತಿಳಿಯಲ್ಲ, ಆಗ ಸೆನ್ಸರ್ ಬೇಕಾಗುತ್ತೆ. ಬಂಪರ್ ಒಳಗೆ ಪಟ್ಟಿ ಅಂಟಿಸೋ ಎಲೆಕ್ಟ್ರೋಮ್ಯಾಗ್ನೆಟಿಕ್ ಥರದ ಸೆನ್ಸರೂ ಉಂಟು, ಅದು ತೂತು ಇಲ್ಲದೆ ಆಗುತ್ತೆ, ಬಂಪರ್ ಪಕ್ಕದಲ್ಲೇ ಇರೋದನ್ನೂ ಗುರುತಿಸುತ್ತೆ. ಆದರೆ ಕಾರು ಚಲಿಸ್ತಿದ್ದರೆ ಮಾತ್ರ ಕೆಲಸ, ಎಟುಕೋ ದೂರವೂ ಕಡಿಮೆ.

ಕುವೆಂಪುನಗರ ಹ್ಯಾಚ್‌ಬ್ಯಾಕ್:

ಅಳೆದೆ. ಎತ್ತರ 52 ಸೆಂ.ಮೀ., ಸರಿ ಇದೆ. ಬಿ ಮತ್ತು ಸಿ ಎರಡರ ಬಾಣವೂ ಪಕ್ಕಕ್ಕಿತ್ತು. ತಿರುಗಿಸಿದ ಮೇಲೆ ರ‍್ಯಾಂಪ್ ಕೂಗು 1.2 ಮೀಟರಿನ ಬದಲು 0.7ಕ್ಕೆ ಶುರುವಾಗ್ತಿದೆ. ಡಿ ಸೆನ್ಸರ್ ಮಾತ್ರ ಚೂರು ಕೆಳಗೆ ನೋಡ್ತಿದೆ, ಅಲ್ಲಿ ಬಂಪರ್ ಬಾಗಿದೆ. ಇನ್ನೊಂದು ತೂತು ಕೊರೆಸಬೇಕಾ?

ಬಂಪರ್ ಬೆಂಚ್, ಮಂಡ್ಯ:

ಬೇಡ ಸರ್. ಕಿಟ್ ಡಬ್ಬೀಲಿ ಒಂದು ಕಡೆ ದಪ್ಪ, ಒಂದು ಕಡೆ ತೆಳು ಇರೋ ಪ್ಲಾಸ್ಟಿಕ್ ರಿಂಗು ಬಂದಿರುತ್ತೆ, ಹುಡುಕಿ. ದಪ್ಪ ಭಾಗ ಕೆಳಗೆ ಬರೋ ಹಾಗೆ ಸೆನ್ಸರ್ ಹಿಂದೆ ಕೂರಿಸಿದರೆ ಮುಖ ಮೇಲಕ್ಕೆ ಎದ್ದೇಳುತ್ತೆ. ಬಾಣ ಮೇಲಕ್ಕೇ ಇದೆಯಾ ಅಂತ ಒತ್ತೋ ಮುಂಚೆ ಇನ್ನೊಮ್ಮೆ ನೋಡ್ಕೊಳ್ಳಿ. ಆ ಗುಂಡುಕಲ್ಲಿನ ಪಕ್ಕ ಮೂರಡಿ ಎತ್ತರದ 75ರ ಪೈಪೊಂದನ್ನ ಸಿಮೆಂಟಲ್ಲಿ ನೆಟ್ಟುಬಿಡಿ, ಕಾರಿಗೆ ಕಲ್ಲಿಗಿಂತ ಒಂದು ಗೇಣು ಮುಂದೆ ಸಿಗೋ ಹಾಗೆ. ಕಲ್ಲು ತಪ್ಪಿಹೋದರೂ ಪೈಪು ತಪ್ಪಲ್ಲ.